ಎಂಟು ಪಟ್ಟು ಬೆಲೆ ಯಾವುದಕ್ಕಾಗಿ? – ಮಿರರ್‌ಲೆಸ್ ಕ್ಯಾಮೆರಾ ಖರೀದಿಯ ಲೆಕ್ಕಾಚಾರ

ಒಂದು ಕಾಲದಲ್ಲಿ ‘ಕ್ಯಾಮೆರಾ’ ಎಂಬ ಪದ ಆಸ್ತಿಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿದ್ದುದು ಛಾಯಾಚಿತ್ರ ಸ್ಟುಡಿಯೋಗಳ ಲೆಕ್ಕಪತ್ರಗಳಲ್ಲಿ ಮಾತ್ರ. ಇಂದು ಸೀರೆ ಅಂಗಡಿ, ಬೆಳ್ಳಿ ಸಾಮಾನಿನ ಮಳಿಗೆ, ಪೀಠೋಪಕರಣ ತಯಾರಿಕಾ ಘಟಕ, ಹೋಟೆಲು ಮೊದಲಾದ ಅನೇಕ ಉದ್ಯಮಗಳ ಪುಸ್ತಕಗಳಲ್ಲಿಯೂ ಅದು ಜಾಗ ಪಡೆದಿದೆ. ಅಂತರ್ಜಾಲದ ಮೂಲಕ ಸರಕು ಮಾರುವವರಿಗೆ ಚಿತ್ರವೇ ಅಂಗಡಿಯ ಮುಂಬಾಗಿಲು. ಆದುದರಿಂದ ಈ ವೆಚ್ಚವನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ವರ್ಷಾಂತ್ಯದಲ್ಲಿ ಖರೀದಿ ಬಿಲ್ಲುಗಳನ್ನು ಪರಿಶೀಲಿಸುವಾಗ ಒಂದು ವಿಚಿತ್ರ ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಲವತ್ತು ಸಾವಿರ ರೂಪಾಯಿಯ ಕ್ಯಾಮೆರಾ ಧಾರಾಳವಾಗಿ ಸಾಕಾಗುವ ಕಡೆ ಮೂರು ಲಕ್ಷದ ಕ್ಯಾಮೆರಾ ಬಂದು ಬೀರುವಿನಲ್ಲಿ ಕುಳಿತಿರುತ್ತದೆ. ಮೂರು ಲಕ್ಷದ್ದು ನಿಜಕ್ಕೂ ಬೇಕಾಗಿದ್ದ ಕಡೆ ನಲವತ್ತು ಸಾವಿರದ್ದು ಹೆಣಗಾಡುತ್ತಿರುತ್ತದೆ. ಎರಡೂ ನಷ್ಟವೇ. ಮೊದಲನೆಯದು ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ.

ಮೊದಲಿಗೆ ‘ಮಿರರ್‌ಲೆಸ್’ ಎಂದರೇನೆಂಬುದನ್ನು ಸಂಕ್ಷಿಪ್ತವಾಗಿ ನೋಡೋಣ. ಹಿಂದಿನ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇದ್ದು, ದೃಶ್ಯವನ್ನು ಮೇಲಿನ ನೋಟಗಿಂಡಿಗೆ ಪ್ರತಿಫಲಿಸುತ್ತಿತ್ತು. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಸರಿದು ಬೆಳಕಿಗೆ ದಾರಿ ಬಿಡುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಸೆನ್ಸರ್ ಎಂಬ ಸಂವೇದಕದ ಮೇಲೆ ಬೀಳುತ್ತದೆ, ನೋಟಗಿಂಡಿಯಲ್ಲಿ ನಮಗೆ ಕಾಣುವುದು ಪುಟ್ಟ ವಿದ್ಯುನ್ಮಾನ ಪರದೆ. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆಯ ಜಿ1 ಮಾದರಿಯಿಂದ ಈ ಬಗೆಯ ಕ್ಯಾಮೆರಾಗಳು ಮಾರುಕಟ್ಟೆಗೆ ಬರತೊಡಗಿದವು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ತಮ್ಮ ದೊಡ್ಡ ಸಂವೇದಕದ ಮಿರರ್‌ಲೆಸ್ ಶ್ರೇಣಿಗಳನ್ನು ಆರಂಭಿಸಿದ ಮೇಲೆ ವೃತ್ತಿಪರರೂ ಇತ್ತ ಹೊರಳಿದರು.

ಹೋಲಿಕೆಗಾಗಿ ಒಂದೇ ತಯಾರಕರ ಎರಡು ಮಾದರಿಗಳನ್ನು ಆರಿಸಿಕೊಂಡಿದ್ದೇನೆ. ಒಂದು, 2020ರಲ್ಲಿ ಬಂದ ಕ್ಯಾನನ್ ಇಒಎಸ್ ಆರ್5, ವೃತ್ತಿಪರರಿಗಾಗಿ ರೂಪಿಸಿದ್ದು. ಇನ್ನೊಂದು, 2023ರಲ್ಲಿ ಬಂದ ಆರ್100; ಹೊಸಬರಿಗಾಗಿ ರೂಪಿಸಿದ್ದು. ಎರಡಕ್ಕೂ ಲೆನ್ಸ್ ಜೋಡಿಸುವ ಬಾಯಿ ಒಂದೇ ಬಗೆಯದು, ಆದುದರಿಂದ ಹೋಲಿಕೆ ಸಮಂಜಸವಾಗುತ್ತದೆ. ಬಿಡುಗಡೆಯ ಸಂದರ್ಭದಲ್ಲಿ ಅಮೆರಿಕದಲ್ಲಿ ಆರ್5ರ ಬೆಲೆ 3,899 ಡಾಲರ್, ಆರ್100ರ ಬೆಲೆ 479 ಡಾಲರ್. ಇವು ಲೆನ್ಸ್ ಇಲ್ಲದೆ ಬರಿಯ ಕ್ಯಾಮೆರಾದ ಬೆಲೆಗಳು. ಅಂದರೆ ಒಂದಕ್ಕೊಂದು ಎಂಟು ಪಟ್ಟು ಅಂತರ. ಭಾರತದಲ್ಲಿ ಬೆಲೆಗಳು ಹಬ್ಬದ ರಿಯಾಯಿತಿ, ಡಾಲರ್ ವಿನಿಮಯ ದರ ಇತ್ಯಾದಿಗಳಿಂದ ಏರಿಳಿಯುತ್ತಿರುತ್ತವೆ. ಪ್ರಮಾಣವನ್ನಷ್ಟೇ ನೆನಪಿನಲ್ಲಿಟ್ಟುಕೊಂಡರೆ ನಮ್ಮ ಚರ್ಚೆಗೆ ಸಾಕು.

ಎಂಟು ಪಟ್ಟು ಬೆಲೆ ಕೊಟ್ಟರೆ ಎಂಟು ಪಟ್ಟು ಒಳ್ಳೆಯ ಚಿತ್ರ ಬರುತ್ತದೆಯೆ? ಮಾರಾಟಗಾರರು ಮೊದಲು ಹೇಳುವುದು ಮೆಗಾಪಿಕ್ಸೆಲ್ ಲೆಕ್ಕ. ಆರ್5ರಲ್ಲಿ 45 ಮೆಗಾಪಿಕ್ಸೆಲ್, ಆರ್100ರಲ್ಲಿ 24. ಎರಡು ಪಟ್ಟೂ ಇಲ್ಲ. ಆರ್100 ಕೊಡುವ ಚಿತ್ರದಲ್ಲಿ ಅಡ್ಡಲಾಗಿ 6,000, ಲಂಬವಾಗಿ 4,000 ಬಿಂದುಗಳಿರುತ್ತವೆ. ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳು ಬೇಕೆಂದು ಇಟ್ಟುಕೊಂಡರೆ 20 ಅಂಗುಲ ಅಗಲ, 13 ಅಂಗುಲ ಎತ್ತರದ ಚಿತ್ರವನ್ನು ಯಾವ ಕೊರತೆಯೂ ಇಲ್ಲದೆ ಅಚ್ಚು ಹಾಕಬಹುದು. ನಮ್ಮಲ್ಲಿ ಮದುವೆಗಳಿಗೆ ಮಾಡಿಸುವ 12x36 ಅಂಗುಲದ ಆಲ್ಬಮ್ಮಿನಲ್ಲಿ ಒಂದು ಪುಟದ ಅಳತೆ 12x18 ಅಂಗುಲ. ಆ ಪುಟವನ್ನು ಈ ಅಗ್ಗದ ಕ್ಯಾಮೆರಾ ತುಂಬಿಕೊಡುತ್ತದೆ. ಅಂತರ್ಜಾಲ ಮಳಿಗೆಯಲ್ಲಿ ಸೀರೆಯ ಸೆರಗನ್ನು ಹಿಗ್ಗಿಸಿ ನೋಡಲು ಒಂದೆರಡು ಸಾವಿರ ಬಿಂದುಗಳ ಅಗಲವಿದ್ದರೆ ಆಯಿತು. ಒಳ್ಳೆಯ ಬೆಳಕಿನಲ್ಲಿ, ಟ್ರೈಪಾಡ್ ಮೇಲಿಟ್ಟು, ಒಂದೇ ಲೆನ್ಸಿನಿಂದ ತೆಗೆದ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಮೊಬೈಲ್ ಪರದೆಯ ಮೇಲೆ ತೋರಿಸಿದರೆ ಯಾವುದು ಯಾವುದರದೆಂದು ಗ್ರಾಹಕ ಗುರುತಿಸಲಾರ. ಗುರುತಿಸುವ ಅಗತ್ಯವೂ ಅವನಿಗಿಲ್ಲ.

ಹಾಗಿದ್ದರೆ ಉಳಿದ ಹಣ ಯಾವುದಕ್ಕೆ? ಬೆಳಕು ಕಡಿಮೆಯಾದಾಗ ಮೊದಲ ಉತ್ತರ ಸಿಗುತ್ತದೆ. ಆರ್5ರ ಸಂವೇದಕ 36x24 ಮಿಲಿಮೀಟರ್, ಹಳೆಯ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ. ಆರ್100ರದು 22.3x14.9 ಮಿಲಿಮೀಟರ್. ವಿಸ್ತೀರ್ಣದಲ್ಲಿ 2.6 ಪಟ್ಟು ವ್ಯತ್ಯಾಸ. ಅಂಗಳದಲ್ಲಿ ಮಳೆನೀರಿಗೆ ಇಟ್ಟ ಪಾತ್ರೆಯ ಬಾಯಿ ಅಗಲವಾದಷ್ಟೂ ಹೆಚ್ಚು ನೀರು ತುಂಬುವಂತೆ ದೊಡ್ಡ ಸಂವೇದಕ ಅಷ್ಟೇ ಸಮಯದಲ್ಲಿ ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಬೆಳಕಿನ ಸೂಕ್ಷ್ಮತೆಯನ್ನು ಅಳೆಯುವ ಐಎಸ್‌ಒ ಆರ್5ರಲ್ಲಿ 51,200ರವರೆಗೆ, ಆರ್100ರಲ್ಲಿ 12,800ರವರೆಗೆ ಸಾಮಾನ್ಯ ಮಿತಿಯಾಗಿ ದೊರೆಯುತ್ತದೆ. ದೇವಸ್ಥಾನದ ಗರ್ಭಗುಡಿಯ ಎದುರು, ಸಂಜೆಯ ಆರತಕ್ಷತೆಯ ಬಣ್ಣದ ದೀಪಗಳಡಿ, ಫ್ಲ್ಯಾಶ್ ಬಳಸಲು ಅನುಮತಿಯಿಲ್ಲದ ಸಭಾಂಗಣದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಆರ್5ರ ದೇಹದೊಳಗೇ ಇದೆ. ಆರ್100ರಲ್ಲಿ ಇಲ್ಲ, ಅಲ್ಲಿ ಲೆನ್ಸನ್ನೇ ನೆಚ್ಚಿಕೊಳ್ಳಬೇಕು.

ವೇಗದ ವಿಷಯವೂ ಹೀಗೆಯೇ. ಯಾಂತ್ರಿಕ ಷಟರ್ ಬಳಸಿ ಆರ್5 ಸೆಕೆಂಡಿಗೆ 12, ವಿದ್ಯುನ್ಮಾನ ಷಟರ್‌ನಲ್ಲಿ 20 ಚಿತ್ರಗಳನ್ನು ತೆಗೆಯುತ್ತದೆ. ಆರ್100 ಹೆಚ್ಚೆಂದರೆ ಆರೂವರೆ. ಆರ್100ರ ಹಿಂಬದಿ ಪರದೆ ಮಡಚುವುದಿಲ್ಲ, ಬೆರಳಿನ ಸ್ಪರ್ಶಕ್ಕೂ ಸ್ಪಂದಿಸುವುದಿಲ್ಲ. ಅದರ 4ಕೆ ವಿಡಿಯೋದಲ್ಲಿ ದೃಶ್ಯದ ಅಂಚುಗಳು ಕತ್ತರಿಸಿ ಹೋಗುತ್ತವೆ. ತೂಕದಲ್ಲಿ ಮಾತ್ರ ಅದಕ್ಕೇ ಜಯ: ಬ್ಯಾಟರಿ ಸಹಿತ 356 ಗ್ರಾಂ. ಆರ್5 ತೂಗುವುದು 738 ಗ್ರಾಂ.

ದುಬಾರಿಯದಾದ ಮಾತ್ರಕ್ಕೆ ಎಲ್ಲದರಲ್ಲಿಯೂ ನಿಶ್ಚಿಂತೆ ಎಂದು ತಿಳಿಯಬೇಕಾಗಿಲ್ಲ. ಆರ್5 ಬಿಡುಗಡೆಯಾದಾಗ 8ಕೆ ವಿಡಿಯೋದಲ್ಲಿ ಕ್ಯಾಮೆರಾ ಬಿಸಿಯೇರುವ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. 23 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸುಮಾರು 20 ನಿಮಿಷ ಎಂಬುದು ಆಗ ತಯಾರಕರೇ ಪ್ರಕಟಿಸಿದ್ದ ಮಿತಿ. ಅನಂತರದ ತಂತ್ರಾಂಶ ಪರಿಷ್ಕರಣೆಗಳಿಂದ ಪರಿಸ್ಥಿತಿ ಸುಧಾರಿಸಿತು. 2024ರಲ್ಲಿ ಬಂದ ಆರ್5 ಮಾರ್ಕ್ 2 ಮಾದರಿಗೆ ಬೀಸಣಿಗೆಯುಳ್ಳ ಪ್ರತ್ಯೇಕ ಹಿಡಿಕೆಯನ್ನೇ ಒದಗಿಸಲಾಯಿತು. ನಮ್ಮ ರಾಯಚೂರು, ಕಲಬುರಗಿಗಳ ವೈಶಾಖದ ಮದುವೆಗಳಲ್ಲಿ 23 ಡಿಗ್ರಿ ಎಲ್ಲಿಂದ ತರುವುದು!

ಇಷ್ಟು ಹೇಳಿಯೂ ಮುಖ್ಯ ಅಂಶಕ್ಕೆ ಇನ್ನೂ ಬಂದಿಲ್ಲ. ಅದು ಇರುವುದು ಕ್ಯಾಮೆರಾದ ಪಕ್ಕದಲ್ಲಿ, ಒಂದು ಸಣ್ಣ ಮುಚ್ಚಳದ ಕೆಳಗೆ. ಆರ್5ರಲ್ಲಿ ಮೆಮೊರಿ ಕಾರ್ಡ್ ಹಾಕಲು ಎರಡು ಸೀಳುಗಳಿವೆ. ಒಂದಕ್ಕೆ ಸಿಎಫ್‌ಎಕ್ಸ್‌ಪ್ರೆಸ್, ಇನ್ನೊಂದಕ್ಕೆ ಎಸ್‌ಡಿ ಕಾರ್ಡ್. ತೆಗೆದ ಪ್ರತಿಯೊಂದು ಚಿತ್ರವೂ ಅದೇ ಕ್ಷಣದಲ್ಲಿ ಎರಡರಲ್ಲೂ ದಾಖಲಾಗುವಂತೆ ಹೊಂದಿಸಬಹುದು. ಆರ್100ರಲ್ಲಿ ಬ್ಯಾಟರಿಯ ಪಕ್ಕದಲ್ಲಿ ಒಂದೇ ಸೀಳು. ಮೆಮೊರಿ ಕಾರ್ಡ್ ಸಾವಿರಕ್ಕೊಮ್ಮೆ ಕೆಡುವ ವಸ್ತುವಾಗಿರಬಹುದು. ಆದರೆ ಆ ಸಾವಿರದಲ್ಲೊಂದು ಮಾಂಗಲ್ಯಧಾರಣೆಯ ದಿನವೇ ಬಂದರೆ ಅಂದಿನ ದುಡಿಮೆಯೆಲ್ಲ ಸೊನ್ನೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಎರಡನೆಯ ಸೀಳು ಜಮಾ-ಖರ್ಚಿನ ನಕಲು ಪುಸ್ತಕ. ಅಸಲು ಸುಟ್ಟುಹೋದರೂ ವ್ಯವಹಾರ ಉಳಿಯುತ್ತದೆ.

ಧೂಳು, ತೇವಾಂಶ ಒಳನುಗ್ಗದಂತೆ ಆರ್5ರ ಸಂದುಗಳಿಗೆ ರಕ್ಷಣೆ ಇದೆ, ಆರ್100ಕ್ಕೆ ಅದಿಲ್ಲ. ಹೋಮದ ಹೊಗೆ, ಅಕ್ಷತೆಯ ಅರಿಸಿನ, ಓಕುಳಿಯ ನೀರು, ದಿಬ್ಬಣದ ಧೂಳು ಇವೆಲ್ಲ ನಮ್ಮ ಮದುವೆಗಳಲ್ಲಿ ತಪ್ಪಿದ್ದಲ್ಲ. ಆರ್5ರ ಷಟರನ್ನು ಐದು ಲಕ್ಷ ಬಾರಿ ಕೆಲಸ ಮಾಡುವಂತೆ ಪರೀಕ್ಷಿಸಲಾಗಿದೆ. ಮದುವೆಯೊಂದಕ್ಕೆ 3,000 ಚಿತ್ರಗಳಂತೆ ವರ್ಷಕ್ಕೆ 30 ಮದುವೆ ಮಾಡುವ ಸ್ಟುಡಿಯೋ 90,000 ಬಾರಿ ಗುಂಡಿ ಒತ್ತುತ್ತದೆ. ಆ ಲೆಕ್ಕದಲ್ಲಿ ಐದೂವರೆ ವರ್ಷ ಷಟರಿನ ಚಿಂತೆಯಿಲ್ಲ.

ಹೀಗೆ ಒಂದೊಂದನ್ನೂ ಕೂಡಿಸಿ ನೋಡಿದರೆ ಹೆಚ್ಚುವರಿ ಬೆಲೆಯ ಬಹುಭಾಗ ಚಿತ್ರದ ಅಂದಕ್ಕೆ ಕೊಟ್ಟದ್ದಲ್ಲವೆಂಬುದು ತಿಳಿಯುತ್ತದೆ. ಪ್ರತಿಕೂಲ ಸಂದರ್ಭದಲ್ಲೂ ಚಿತ್ರ ಕೈತಪ್ಪದಿರಲೆಂದು ಕಟ್ಟಿದ ವಿಮಾಕಂತು ಅದು. ಹಾಗಾದರೆ ಖರೀದಿದಾರ ತನ್ನನ್ನು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ನಾನು ತೆಗೆಯುವ ಚಿತ್ರವನ್ನು ನಾಳೆ ಮತ್ತೆ ತೆಗೆಯಲು ಸಾಧ್ಯವೆ?

ಬೆಳ್ಳಿಯ ದೀಪದ ಚಿತ್ರ ಇಂದು ಸರಿಬಾರದಿದ್ದರೆ ನಾಳೆ ತೆಗೆಯಬಹುದು. ದೀಪ ಎಲ್ಲಿಗೂ ಓಡಿಹೋಗುವುದಿಲ್ಲ. ನಮ್ಮ ಕಚೇರಿಯಲ್ಲಿ ಲೆಕ್ಕ ನೋಡಿಸುವ ಬೆಳ್ಳಿ ವ್ಯಾಪಾರಿಯೊಬ್ಬರು ಅಂತರ್ಜಾಲ ಮಾರಾಟಕ್ಕೆಂದು ವೃತ್ತಿಪರ ಕ್ಯಾಮೆರಾ ಕೊಂಡರು; ಹಣವೆಲ್ಲ ಅದಕ್ಕೇ ಮುಗಿದು ದೀಪ, ಬಿಳಿ ಪರದೆಗಳಿಗೆ ಉಳಿಯಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರಗಳಲ್ಲಿ ಬೆಳ್ಳಿ ಸೀಸದಂತೆ ಕಾಣುತ್ತಿತ್ತು. ಅನಂತರ ಅವರು ಎರಡು ಸಾಫ್ಟ್‌ಬಾಕ್ಸ್ ದೀಪ, ಒಂದು ಟ್ರೈಪಾಡ್ ತರಿಸಿದರು. ಈಗ ಆ ದೀಪಗಳಡಿ ಅಂಗಡಿಯ ಹುಡುಗ ತನ್ನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ, ಸರಕು ಚೆನ್ನಾಗಿಯೇ ಮಾರಾಟವಾಗುತ್ತಿದೆ. ಕ್ಯಾಮೆರಾ ಮಾತ್ರ ಸವಕಳಿಯ ಪಟ್ಟಿಯಲ್ಲಿ ವರ್ಷವರ್ಷ ಇಳಿಯುತ್ತಿದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಮತ್ತೊಂದು ಕಡೆ, ಒಂದೇ ಸೀಳಿನ ಕ್ಯಾಮೆರಾ ನಂಬಿ ಮದುವೆ ಒಪ್ಪಿಕೊಂಡ ಯುವಕನೊಬ್ಬನ ಕಾರ್ಡ್ ಕೈಕೊಟ್ಟು, ಮುಂಗಡವನ್ನು ಹಿಂದಿರುಗಿಸಿದ್ದಲ್ಲದೆ ಮೇಲೆ ಪರಿಹಾರವನ್ನೂ ತೆತ್ತದ್ದನ್ನು ಕಂಡಿದ್ದೇನೆ. ಒಪ್ಪಿಕೊಂಡ ಚಿತ್ರಗಳನ್ನು ಕೊಡದಿದ್ದರೆ ಗ್ರಾಹಕರ ಆಯೋಗದ ಮುಂದೆ ‘ಸೇವಾ ನ್ಯೂನತೆ’ಯ ದೂರು ದಾಖಲಾಗಬಹುದೆಂಬುದನ್ನು ಈ ವೃತ್ತಿಯಲ್ಲಿರುವವರು ಮರೆಯಬಾರದು.

ಈಗ ಅಂಕಿಗಳನ್ನು ನೋಡೋಣ. ಇವು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ದುಂಡು ಮೊತ್ತಗಳು. ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕು. ವೃತ್ತಿಪರ ಕ್ಯಾಮೆರಾದ ತೆರಿಗೆರಹಿತ ಬೆಲೆ ರೂ. 3,00,000, ನಾಲ್ಕು ವರ್ಷಗಳ ನಂತರ ಮರುಮಾರಾಟದಿಂದ ರೂ. 1,20,000 ಬರುತ್ತದೆ ಎಂದಿಟ್ಟುಕೊಳ್ಳೋಣ. ಮೌಲ್ಯನಷ್ಟ ವರ್ಷಕ್ಕೆ ರೂ. 45,000. ತೊಡಗಿಸಿದ ಸರಾಸರಿ ಬಂಡವಾಳ ರೂ. 2,10,000, ಶೇ. 12ರ ಬಡ್ಡಿಯಂತೆ ರೂ. 25,200. ವಿಮೆ, ನಿರ್ವಹಣೆಗೆ ರೂ. 10,000. ಒಟ್ಟು ವರ್ಷಕ್ಕೆ ರೂ. 80,200. ರೂ. 40,000ದ ಕ್ಯಾಮೆರಾಕ್ಕೆ ಇದೇ ರೀತಿ ಲೆಕ್ಕ ಹಾಕಿ, ಮರುಮಾರಾಟ ರೂ. 16,000, ನಿರ್ವಹಣೆ ರೂ. 2,000 ಎಂದಿಟ್ಟರೆ ವರ್ಷಕ್ಕೆ ರೂ. 11,360.

ವರ್ಷಕ್ಕೆ 30 ಮದುವೆ ಮಾಡುವವರಿಗೆ ವೃತ್ತಿಪರ ಕ್ಯಾಮೆರಾ ಮದುವೆಯೊಂದಕ್ಕೆ ಸುಮಾರು ರೂ. 2,670 ಬೀಳುತ್ತದೆ. ಅಗ್ಗದ್ದಕ್ಕೂ ಇದಕ್ಕೂ ಇರುವ ಅಂತರ ಮದುವೆಗೆ ರೂ. 2,300 ಮಾತ್ರ. ಇಷ್ಟನ್ನು ಉಳಿಸಲು ಹೋಗಿ ಕೆಲಸವನ್ನೂ ಹೆಸರನ್ನೂ ಪಣಕ್ಕಿಡುವುದು ವ್ಯವಹಾರ ಜ್ಞಾನವಲ್ಲ. ಆದರೆ ವರ್ಷಕ್ಕೆ ಎಂಟೇ ಮದುವೆ ಸಿಗುವ ಹೊಸಬನಿಗೆ ಅದೇ ಕ್ಯಾಮೆರಾ ಮದುವೆಗೆ ರೂ. 10,000 ಮೀರಿ ಬೀಳುತ್ತದೆ. ಸಾಲದ ಕಂತಿನ ಭಯದಿಂದ ಅವನು ದರ ಇಳಿಸಿ ಕೆಲಸ ಹಿಡಿಯುತ್ತಾನೆ. ದರ ಇಳಿಸಿದ್ದರಿಂದ ಕಂತು ಕಟ್ಟಲಾಗುವುದಿಲ್ಲ. ಈ ಸುಳಿಯಲ್ಲಿ ಸಿಕ್ಕಿದ ಸ್ಟುಡಿಯೋಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಕಡಿಮೆಯೇನಿಲ್ಲ.

ಬೆಲೆಪಟ್ಟಿಯಲ್ಲಿ ಕಾಣದ ವೆಚ್ಚಗಳೂ ಇವೆ. 45 ಮೆಗಾಪಿಕ್ಸೆಲ್ ಚಿತ್ರದ ಕಚ್ಚಾ ಕಡತವೊಂದನ್ನು 45 ಮೆಗಾಬೈಟ್ ಎಂದು ಹಿಡಿದರೆ 3,000 ಚಿತ್ರಗಳಿಗೆ 135 ಗಿಗಾಬೈಟ್, 30 ಮದುವೆಗೆ ನಾಲ್ಕು ಟೆರಾಬೈಟ್, ಎರಡು ಪ್ರತಿ ಇಟ್ಟರೆ ಎಂಟು. ಅದನ್ನು ತಿದ್ದಲು ಶಕ್ತಿಯುತ ಗಣಕಯಂತ್ರ ಬೇಕು. ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡಿನ ಬೆಲೆ ಸಾಮಾನ್ಯ ಎಸ್‌ಡಿ ಕಾರ್ಡಿಗಿಂತ ಬಹಳ ಹೆಚ್ಚು. ಇನ್ನು ಲೆನ್ಸ್. ವೃತ್ತಿಪರರು ಬಳಸುವ ಆರ್‌ಎಫ್ 24-70 ಎಂಎಂ ಎಫ್/2.8 ಲೆನ್ಸಿನ ಬಿಡುಗಡೆ ಬೆಲೆ ಅಮೆರಿಕದಲ್ಲಿ 2,299 ಡಾಲರ್ ಇತ್ತು. ಒಂದು ಲೆನ್ಸಿನ ಬೆಲೆಯಲ್ಲಿ ನಾಲ್ಕು ಆರ್100! ಆದರೂ ನನ್ನ ಅಭಿಪ್ರಾಯದಲ್ಲಿ ಹಣ ಹೂಡಲು ಲೆನ್ಸೇ ಹೆಚ್ಚು ಯೋಗ್ಯ. ಕ್ಯಾಮೆರಾ ನಾಲ್ಕು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸ್ ಎರಡು ಮೂರು ಕ್ಯಾಮೆರಾಗಳ ಆಯುಷ್ಯವನ್ನು ಕಾಣುತ್ತದೆ. 199 ಡಾಲರಿಗೆ ಬಿಡುಗಡೆಯಾದ 50 ಎಂಎಂ ಎಫ್/1.8 ಲೆನ್ಸ್ ಎರಡೂ ಕ್ಯಾಮೆರಾಗಳಿಗೆ ಸರಿಯಾಗಿ ಕೂಡುತ್ತದೆ. ಆದರೆ ಆರ್100ರ ಜೊತೆ ಬರುವ ಆರ್‌ಎಫ್-ಎಸ್ ಶ್ರೇಣಿಯ ಲೆನ್ಸನ್ನು ಆರ್5ಕ್ಕೆ ಹಾಕಿದರೆ 45ರ ಬದಲು 17 ಮೆಗಾಪಿಕ್ಸೆಲ್ ಚಿತ್ರವಷ್ಟೇ ದೊರೆಯುತ್ತದೆ. ಸಣ್ಣದರಿಂದ ದೊಡ್ಡದಕ್ಕೆ ಏರುವ ಯೋಚನೆಯುಳ್ಳವರು ಇದನ್ನು ಮೊದಲೇ ಗಮನಿಸುವುದು ಲೇಸು.

ತೆರಿಗೆಯ ವಿಷಯದಲ್ಲಿ ಕೆಲವು ಮಾತುಗಳು. ಡಿಜಿಟಲ್ ಕ್ಯಾಮೆರಾಗಳ ಮೇಲೆ ಶೇ. 28 ಇದ್ದ ಜಿಎಸ್‌ಟಿ 2019ರ ಜನವರಿ 1ರಿಂದ ಶೇ. 18ಕ್ಕೆ ಇಳಿಯಿತು. ಮೂರು ಲಕ್ಷದ ಕ್ಯಾಮೆರಾಕ್ಕೆ ತೆರಿಗೆ ರೂ. 54,000. ನೋಂದಾಯಿತ ಸ್ಟುಡಿಯೋ ಇದನ್ನು ಹೂಡುವಳಿ ತೆರಿಗೆ ಜಮೆಯಾಗಿ, ನಾವು ದಿನನಿತ್ಯ ಐಟಿಸಿ ಎನ್ನುತ್ತೇವಲ್ಲ ಅದಾಗಿ, ಪಡೆಯಬಹುದು. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು, ಜಿಎಸ್‌ಟಿ ಸಂಖ್ಯೆ ಇರಬೇಕು, ಉಪಕರಣ ವ್ಯವಹಾರಕ್ಕೆ ಬಳಕೆಯಾಗುತ್ತಿರಬೇಕು. ನೋಂದಣಿ ಇಲ್ಲದವರಿಗೂ ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಈ ಸೌಲಭ್ಯವಿಲ್ಲ, ಅವರ ಪಾಲಿಗೆ ಕ್ಯಾಮೆರಾದ ಬೆಲೆ ರೂ. 3,54,000. ಮೇಲಿನ ವಾರ್ಷಿಕ ಲೆಕ್ಕವನ್ನು ಅವರು ಆ ಮೊತ್ತದಿಂದಲೇ ಆರಂಭಿಸಬೇಕು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ, ಎರಡರಲ್ಲಿ ಒಂದು. ಜಮೆ ಪಡೆದ ಕ್ಯಾಮೆರಾವನ್ನು ಮುಂದೆ ಮಾರುವಾಗ, ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದ ಜಮೆ ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ನಾಲ್ಕು ವರ್ಷಗಳ ನಂತರ ಮೊದಲನೆಯದು ರೂ. 10,800, ಎರಡನೆಯದು ರೂ. 21,600. ಹಳೆಯ ಕ್ಯಾಮೆರಾವನ್ನು ಬಿಲ್ಲಿಲ್ಲದೆ ಸ್ನೇಹಿತರಿಗೆ ದಾಟಿಸುವ ಪರಿಪಾಠವುಳ್ಳವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಆದಾಯ ತೆರಿಗೆಯಲ್ಲಿ ಕ್ಯಾಮೆರಾ ಸಾಮಾನ್ಯ ಯಂತ್ರೋಪಕರಣದ ಗುಂಪಿಗೆ ಸೇರುತ್ತದೆ. ಇಳಿಮೌಲ್ಯದ ಮೇಲೆ ಶೇ. 15 ಸವಕಳಿ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಮೊದಲ ವರ್ಷ ಅದರ ಅರ್ಧ. ನಾಲ್ಕು ಪೂರ್ಣ ವರ್ಷಗಳ ಸವಕಳಿಯ ನಂತರ ಪುಸ್ತಕದಲ್ಲಿ ನೂರಕ್ಕೆ 52 ರೂಪಾಯಿ ಉಳಿದಿರುತ್ತದೆ. ಆದರೆ ಮಾರುಕಟ್ಟೆ ನಮ್ಮ ಪುಸ್ತಕ ನೋಡಿ ಬೆಲೆ ಕಟ್ಟುವುದಿಲ್ಲ. 2020ರ ಆರ್5ಕ್ಕೆ 2024ರಲ್ಲಿ ಉತ್ತರಾಧಿಕಾರಿ ಬಂದಂತೆ ಹೊಸ ಮಾದರಿ ಬಂದ ಕೂಡಲೇ ಹಳೆಯದರ ಬೆಲೆ ಕುಸಿಯುತ್ತದೆ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿಯ ಪ್ರತ್ಯೇಕ ಲಾಭವಿಲ್ಲ, ಅದು ಆಗಲೇ ಕಳೆದುಹೋಗಿದೆ ಎಂದೇ ಕಾನೂನು ಭಾವಿಸುತ್ತದೆ. ‘ತೆರಿಗೆ ಉಳಿಯುತ್ತದೆ, ದೊಡ್ಡದನ್ನೇ ಕೊಳ್ಳಿ’ ಎಂಬ ಅಂಗಡಿಯವರ ಸಲಹೆ ಅಂಥವರಿಗೆ ಅನ್ವಯಿಸುವುದೇ ಇಲ್ಲ. ಒಂದೇ ದಿನ ಒಬ್ಬರಿಗೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟು ಕೊಂಡರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ, ಅದರ ಮೇಲೆ ಸವಕಳಿಯೂ ಸಿಗುವುದಿಲ್ಲ. ಬಿಲ್ಲಿಲ್ಲದೆ ಅಗ್ಗವಾಗಿ ಸಿಗುವ ಮಾಲಿನ ಅಗ್ಗತನ ಇಲ್ಲಿಯೇ ಕರಗುತ್ತದೆ.

ಇವೆರಡರ ನಡುವೆ ಬೇರೆ ದಾರಿ ಇಲ್ಲವೆಂದಲ್ಲ. 2022ರಲ್ಲಿ 1,499 ಡಾಲರಿಗೆ ಬಿಡುಗಡೆಯಾದ ಆರ್7 ಮಾದರಿಯ ಸಂವೇದಕ ಆರ್100ರಷ್ಟೇ ಚಿಕ್ಕದಾದರೂ ಎರಡು ಕಾರ್ಡ್ ಸೀಳುಗಳಿವೆ, ಕೈನಡುಕ ತಡೆಯುವ ವ್ಯವಸ್ಥೆಯೂ ದೇಹದಲ್ಲಿದೆ. ಆರ್5ರ ಬಿಡುಗಡೆ ಬೆಲೆಯ ಶೇ. 40ಕ್ಕಿಂತ ಕಡಿಮೆಯಲ್ಲಿ ವಿಮೆಯ ಮುಖ್ಯಭಾಗ ಸಿಕ್ಕಿದಂತಾಯಿತು. ಅದೇ ವರ್ಷ ಬಂದ ಆರ್6 ಮಾರ್ಕ್ 2ರಲ್ಲಿ ದೊಡ್ಡ ಸಂವೇದಕವೂ ಎರಡು ಎಸ್‌ಡಿ ಸೀಳುಗಳೂ ಇವೆ. ಮದುವೆಗಳನ್ನೇ ನೆಚ್ಚಿದ ಮಧ್ಯಮ ಗಾತ್ರದ ಸ್ಟುಡಿಯೋಗಳು 45 ಮೆಗಾಪಿಕ್ಸೆಲ್‌ನ ಮೋಹ ಬಿಟ್ಟು ಈ ಮಟ್ಟದಲ್ಲಿ ಹುಡುಕುವುದು ಒಳ್ಳೆಯದು. ಸೋನಿ, ನಿಕಾನ್‌ಗಳಲ್ಲಿಯೂ ಇಂತಹ ಶ್ರೇಣಿಗಳಿವೆ, ಪ್ರಶ್ನೆ ಅಲ್ಲಿಯೂ ಇದೇ.

ವರ್ಷಕ್ಕೆ ಎಂಟು ಹತ್ತು ಮದುವೆಯವರಿಗೆ ದಿನಬಾಡಿಗೆಯ ಕ್ಯಾಮೆರಾ ಸೂಕ್ತ. ಬೆಂಗಳೂರಿನಲ್ಲಿ ಇದೊಂದು ಸುಸ್ಥಾಪಿತ ವ್ಯವಹಾರ. ದಿನದ ಬಾಡಿಗೆಯನ್ನು ಮದುವೆಗೆ ಬೇಕಾಗುವ ದಿನಗಳಿಂದ ಗುಣಿಸಿ, ಮೇಲೆ ಹೇಳಿದ ಹತ್ತು ಸಾವಿರದೊಡನೆ ಹೋಲಿಸಿದರೆ ತೀರ್ಮಾನ ತಾನಾಗಿಯೇ ಬರುತ್ತದೆ. ಬಾಡಿಗೆಗೆ ತರುವಾಗ ಮದುವೆಯ ಹಿಂದಿನ ದಿನವೇ ತಂದು ಎರಡೂ ಕಾರ್ಡುಗಳಲ್ಲಿ ಚಿತ್ರ ದಾಖಲಾಗುತ್ತಿದೆಯೆ ಎಂದು ಪರೀಕ್ಷಿಸಬೇಕು. ಉಪಕರಣದ ಕ್ರಮಸಂಖ್ಯೆ, ಹಿಂದಿರುಗಿಸುವ ಗಂಟೆ, ಹಾನಿಯಾದರೆ ದುರಸ್ತಿ ವೆಚ್ಚ ಯಾರದು, ಠೇವಣಿಯ ಮೊತ್ತ ಇವಿಷ್ಟನ್ನು ಬರಹದಲ್ಲಿ ಪಡೆಯಬೇಕು. ಮುಹೂರ್ತ ಮುಂದೂಡಿದರೆ ಮುಂಗಡ ಹಿಂದಿರುಗುತ್ತದೆಯೆ ಎಂಬುದನ್ನೂ ಅದರಲ್ಲಿಯೇ ಬರೆಸಿಕೊಳ್ಳಬೇಕು. ಬಹುತೇಕರು ಬಿಟ್ಟುಬಿಡುವ ಸಾಲು ಅದೇ.